ಜೇನು ಸಾಕಣೆಯ ಪುಸ್ತಕ

ಬಚ್ಚಲಿನಿಂದ ಸದ್ದು ಕೇಳಿಸಿದ್ದೇ ತಡ, ಪುಸ್ತಕ ಹೊಲಿಯುವ ಬೈಂಡರು ಚಪ್ಪಲಿ ಮೆಟ್ಟಿ ಬೀದಿಗಿಳಿದ. ಮೂಲೆಯ ದೀಪದ ಕಂಬಕ್ಕೆ ಒರಗಿ, ಯಾರನ್ನೋ ಕಾಯುವವನ ಹಾಗೆ ನಿಂತ. ಹೆಂಡತಿ ಬಸುರಿ. ಬೆಳಗಾದರೆ ಸಾಕು, ವಾಂತಿ. ಬೇರೆ ಗಂಡಂದಿರು ಹೆಂಡತಿಯ ಬೆನ್ನು ಸವರುವ ಹೊತ್ತಿನಲ್ಲಿ ಈ ಮಹಾರಾಯ ಕಂಬದ ಜೊತೆ ಸಂಸಾರ ಮಾಡುತ್ತಿದ್ದ.

ಹಿಂದಿರುಗಿದಾಗ ಅವಳು ಬಚ್ಚಲ ಬಾಗಿಲಿಗೆ ಕೈಯೂರಿ ನಿಂತಿದ್ದಳು. ವಾಂತಿ ಬಂದಾಗ ಆ ಬಾಗಿಲನ್ನು ಅವಳು ಒಂದು ದಿನವೂ ಮುಚ್ಚಿದವಳಲ್ಲ. ಇವತ್ತಾದರೂ ಒಳಗೆ ಬಂದಾನು ಎಂಬ ಆಸೆ.

"ಆಯ್ತಾ ನಿಮ್ಮ ವಾಕಿಂಗು? ನನ್ನ ಕಂಡ್ರೆ ಅಷ್ಟು ಅಸಹ್ಯಾನಾ?" ಅಂದಳು. "ಭಾನುವಾರ ಅಣ್ಣ ಬರ್ತಾನೆ. ನಾನು ಅಮ್ಮನ ಮನೆಗೆ ಹೊರಟೆ. ಮಗು ಆದ್ಮೇಲೆ ಬರ್ತೀನೋ ಇಲ್ವೋ, ಆಗ ನೋಡೋಣ."

"ಅಸಹ್ಯ ಅಲ್ಲ ಕಣೇ..." ಎಂದ.

ಅಸಹ್ಯವಾಗಿದ್ದರೆ ಎಷ್ಟು ಸುಲಭವಿತ್ತು! ಆ ಸದ್ದು, ಆ ನೋಟ ಅವನಲ್ಲಿ ಎಬ್ಬಿಸುತ್ತಿದ್ದದ್ದು ಕಾಮವನ್ನು. ಯಾಕೆ ಹೀಗೆ ಎಂದು ಅವನಿಗೂ ತಿಳಿಯದು. ಮದುವೆಯಾದ ಮೇಲೆ ಅದನ್ನು ಹೇಗೋ ಅದುಮಿಟ್ಟುಕೊಂಡಿದ್ದ. ಈಗ ಹೆಂಡತಿ ಸಂಕಟದಲ್ಲಿ ಒದ್ದಾಡುವಾಗಲೇ ಅದು ತಲೆಯೆತ್ತುತ್ತಿತ್ತು. ತಾನು ಮನುಷ್ಯನೇ ಅಲ್ಲವೇನೋ ಎಂಬ ಹೆದರಿಕೆ ಅವನನ್ನು ಒಳಗಿಂದೊಳಗೇ ತಿನ್ನುತ್ತಿತ್ತು.

ಕೇಳುವುದಾದರೂ ಯಾರನ್ನು? ಫೋನಿನಲ್ಲಿ ಹುಡುಕಿದರೆ ಕೊಳಕು ಚಿತ್ರಗಳು, ಇಲ್ಲವೇ ಬಿದ್ದು ಬಿದ್ದು ನಗುವವರು, ಇಲ್ಲವೇ ಒಂದೇ ಬಾಟಲಿಗೆ ಸಕಲ ದೋಷ ಪರಿಹಾರ ಎನ್ನುವ ಎಣ್ಣೆ ವ್ಯಾಪಾರಿಗಳು. ಹಿಂದಿನ ವಾರ ಬೀದಿಯ ಡಾಕ್ಟರ ಮುಂದೆ ಕೂತು "ವಾಂತಿ" ಅನ್ನುವಷ್ಟರಲ್ಲಿ ಇದ್ದಬದ್ದ ಧೈರ್ಯವೆಲ್ಲ ಮುಗಿದುಹೋಯಿತು. ಅವರು ಊಟಕ್ಕೆ ಮುಂಚೆ ನುಂಗಲು ಮಾತ್ರೆ ಬರೆದುಕೊಟ್ಟರು. ಇವನು ಕೈ ಮುಗಿದು ಎದ್ದು ಬಂದ.

ಅವನ ಕೆಲಸ ಲೈಬ್ರರಿಯ ಹಿಂದಿನ ಕೋಣೆಯಲ್ಲಿ, ಹರಿದ ಪುಸ್ತಕಗಳನ್ನು ಹೊಲಿದು ರಟ್ಟು ಹಾಕುವುದು. ಹೆಂಡತಿಯ ಮಾತು ಕೇಳಿ ಬಂದ ಆ ದಿನ ರಟ್ಟು ಅಳೆಯುವ ನೆಪದಲ್ಲಿ ಮನೋವೈದ್ಯರೊಬ್ಬರ ದಪ್ಪ ಪುಸ್ತಕವನ್ನು ಒಳಗೆ ತಂದ. ಕೊನೆಯ ಪದಸೂಚಿಯಲ್ಲಿ ಬೆರಳಾಡಿಸುತ್ತ ಹೋಗಿ ಒಂದು ಸಾಲಿನಲ್ಲಿ ನಿಂತ. ವಾಂತಿ, ಕಾಮಾಸಕ್ತಿಯಾಗಿ: ಪುಟ ೨೧೨. ಅಂದರೆ ಇದಕ್ಕೊಂದು ಪುಟವಿದೆ! ಆ ಪುಟ ತೆರೆದ. ಅಲ್ಲಿದ್ದದ್ದು ರಾಣಿಜೇನು ಮೊಟ್ಟೆಯಿಡುವ ವಿಧಾನ.

ಹೊಲಿಗೆ ನೋಡಿದ. ಹಸಿರು ದಾರ, ಅವನದೇ ಕೈ. ಪುಸ್ತಕ ಬಿಚ್ಚಿದರೆ ಹದಿನಾರು ಪುಟಗಳ ಮಡಿಕೆಗಳಾಗುತ್ತವೆ. ಪ್ರತಿ ಮಡಿಕೆಯ ಅಡಿಯಲ್ಲೂ ಒಂದು ಅಂಕಿ. ಬೈಂಡರು ಅಂಕಿ ನೋಡಿ ಜೋಡಿಸುತ್ತಾನೆ, ವಿಷಯ ಓದುತ್ತ ಕೂರುವುದಿಲ್ಲ. ಎಂದೋ ಒಂದೇ ಅಳತೆಯ ಎರಡು ಪುಸ್ತಕ ಒಟ್ಟಿಗೆ ಬಿಚ್ಚಿ, ಒಂದರ ಮಡಿಕೆಯನ್ನು ಇನ್ನೊಂದಕ್ಕೆ ಅದಲುಬದಲಾಗಿ ಹೊಲಿದಿದ್ದ. ತನಗೆ ಬೇಕಾದ ಪುಟವನ್ನು ತಾನೇ ಕೈಯಾರೆ ಕಳೆದಿದ್ದ.

"ಮೇಡಂ, ಜೇನು ಸಾಕಣೆ ಪುಸ್ತಕ ಇದೆಯಾ?"

ಗ್ರಂಥಪಾಲಕಿ ಕನ್ನಡಕದ ಮೇಲಿಂದ ನೋಡಿದರು. "ನಿಮಗೂ ಜೇನಿನ ಹುಚ್ಚು ಹಿಡೀತಾ? ಅಲ್ಲೇ, ಕೊನೇ ಕಪಾಟು. ಈ ಊರಲ್ಲಿ ಒಂದು ಜೇನುಪೆಟ್ಟಿಗೆ ಕಂಡಿಲ್ಲ ನಾನು, ಆದ್ರೂ ಆ ಪುಸ್ತಕ ಕೇಳ್ಕೊಂಡು ಬರ್ತಾನೇ ಇರ್ತಾರಪ್ಪ."

ಕಪಾಟುಗಳ ಸಂದಿಯಲ್ಲಿ ನಿಂತೇ ಓದಿದ. ಬಗೆಬಗೆಯ ಅಪರೂಪದ ಆಸೆಗಳ ಅಧ್ಯಾಯ. ಅವನದಕ್ಕೆ ಬರೀ ಅರ್ಧ ಪುಟ. 'ಇದು ಅಪರೂಪ, ಆದರೆ ಹೊಸದಲ್ಲ. ಆಸೆ ಹುಟ್ಟಿದ ಮಾತ್ರಕ್ಕೆ ಯಾರೂ ಕೆಟ್ಟವರಾಗುವುದಿಲ್ಲ. ಇನ್ನೊಬ್ಬರ ನೋವನ್ನೂ ಒಪ್ಪಿಗೆಯನ್ನೂ ಮರೆತಾಗ ಕೆಟ್ಟವರಾಗುತ್ತಾರೆ. ಇಂಥವರು ಆಸೆಗಿಂತ ಹೆಚ್ಚಾಗಿ ಭಯದಿಂದ ಬಳಲುತ್ತಾರೆ. ಮನೋವೈದ್ಯರ ಹತ್ತಿರ ಮಾತನಾಡುವುದು ಒಳ್ಳೆಯದು.' ಬಯ್ಗುಳವಿಲ್ಲ, ನಗೆಯಿಲ್ಲ. 'ಭಯದಿಂದ' ಎಂಬಲ್ಲಿ ಯಾರೋ ಪೆನ್ಸಿಲಿನಿಂದ ಸಣ್ಣ ಗೆರೆ ಎಳೆದಿದ್ದರು. ಪುಟಗಳ ಅಂಚು ಬೆರಳು ತಾಗಿ ತಾಗಿ ಕಪ್ಪಾಗಿತ್ತು. ಜೇನಿನ ನೆಪದಲ್ಲಿ ಒಂದೊಂದು ಪುಟಕ್ಕೆ ಒಬ್ಬೊಬ್ಬರು ಬಂದಿರಬೇಕು. ಅವನ ಕಣ್ಣು ತುಂಬಿ ಅಕ್ಷರ ಕಾಣದಾಯಿತು.

ಕೆಲಸದ ಅಭ್ಯಾಸ, ತಪ್ಪು ಹೊಲಿಗೆ ಬಿಚ್ಚಲು ಕೈ ದಾರದ ಮೇಲೆ ಹೋಯಿತು. ಬಿಚ್ಚಲಿಲ್ಲ. ಪುಸ್ತಕವನ್ನು ಇದ್ದಲ್ಲೇ ಇಟ್ಟ.

ಸಂಜೆ ಹೆಂಡತಿ ಸೂಟ್‌ಕೇಸಿಗೆ ಬಟ್ಟೆ ಮಡಚಿ ತುಂಬುತ್ತಿದ್ದಳು. ಅವಳ ಎದುರು ನೆಲದ ಮೇಲೆ ಕೂತು, ತಲೆ ತಗ್ಗಿಸಿ, ತಡವರಿಸುತ್ತ ಎಲ್ಲ ಹೇಳಿದ. ಅವಳ ಕೈಯಲ್ಲಿದ್ದ ಸೀರೆ ಅರ್ಧ ಮಡಿಕೆಯಲ್ಲೇ ನಿಂತಿತು.

"ಅಂದ್ರೆ... ನಾನು ಸಾಯೋ ಹಾಗೆ ಒದ್ದಾಡ್ತಿದ್ರೆ ನಿಮಗೆ..."

"ಅದಕ್ಕೇ ಓಡಿಹೋಗ್ತಿದ್ದೆ. ಆ ಹೊತ್ತಲ್ಲಿ ನಿನ್ನ ಹತ್ರ ಇರೋ ಯೋಗ್ಯತೆ ನನಗಿಲ್ಲ ಅಂತ. ಸೋಮವಾರ ಮನಸ್ಸಿನ ಡಾಕ್ಟರ ಹತ್ರ ಹೋಗ್ತೀನಿ."

ಅವಳು ಬಯ್ದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಸೀರೆಯನ್ನು ಪೂರ್ತಿ ಮಡಚಿ, ಸೂಟ್‌ಕೇಸಿಗೂ ಹಾಕದೆ ಬೀರುವಿಗೂ ಇಡದೆ, ಮಡಿಲಲ್ಲೇ ಇಟ್ಟುಕೊಂಡು ಕೂತಳು.

ಬೆಳಗ್ಗೆ ಅವಳು ಬಾಯಿಗೆ ಕೈ ಅಡ್ಡ ಹಿಡಿದು ಬಚ್ಚಲಿಗೆ ಓಡಿದಳು. ಬಾಗಿಲು ಮುಚ್ಚಿತು. ಒಳಗಿನಿಂದ ಚಿಲಕ ಬಿತ್ತು. ಬೆಳಗಿನ ಆ ಹೊತ್ತಿನಲ್ಲಿ ಚಿಲಕದ ಸದ್ದು ಅವನು ಕೇಳಿದ್ದು ಅದೇ ಮೊದಲು. ಕಾಲು ತಾನಾಗಿ ಚಪ್ಪಲಿಯ ಕಡೆ ನಡೆಯಿತು.

"ರೀ," ಒಳಗಿನಿಂದ ಸೋತ ದನಿ. "ಇದ್ದೀರಾ?"

"ಇದ್ದೀನಿ."

"ನೀರು ಅಲ್ಲೇ ಇಡಿ. ಒಳಗೆ ಬರ್ಬೇಡಿ." ನಲ್ಲಿ ತಿರುಗಿಸಿದ ಸದ್ದು. ಆಮೇಲೆ, "ಬೀದಿಗೂ ಹೋಗ್ಬೇಡಿ."

ಅವನು ಹೊಸ್ತಿಲ ಬಳಿ ನೀರಿನ ಲೋಟ ಇಟ್ಟ. ಮುಚ್ಚಿದ ಬಾಗಿಲಿಗೆ ಬೆನ್ನು ಮಾಡಿ, ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಅಲ್ಲೇ ಕೂತ.