ಬೀಗ ಬಿದ್ದ ಗೇಟು, ಬರೆಯದ ಅರ್ಜಿ

ದರ್ಜಿಯಮ್ಮನ ಮನೆಯಲ್ಲಿ ಅಂದು ಇತ್ಯರ್ಥವಾಗಬೇಕಿದ್ದ ಘನಗಂಭೀರ ಪ್ರಶ್ನೆ ಇದು: ಫೋನನ್ನು ಹೊಲಿಗೆ ಯಂತ್ರಕ್ಕೆ ಒರಗಿಸುವುದೋ, ಇಸ್ತ್ರಿಪೆಟ್ಟಿಗೆಗೋ? ಅತ್ತೆ ಸೊಸೆ ಅರ್ಧ ಗಂಟೆ ಚರ್ಚಿಸಿದ ಮೇಲೆ ಇಸ್ತ್ರಿಪೆಟ್ಟಿಗೆ ಗೆದ್ದಿತು.

ಫೋನಿನ ಆ ತುದಿಗೆ ಬರಬೇಕಾದವಳು ಸೊಸೆ ದರ್ಜಿಯಮ್ಮನ ಎರಡೂವರೆ ವರ್ಷದ ಮಗಳು. ತಾಯಿ ಹೊಲಿದ ಬಟ್ಟೆ ಕೊಡಲು ಹೋಗಿದ್ದಾಗ ಮಗು ದೊಡ್ಡ ರಸ್ತೆಯಲ್ಲಿ ಒಂಟಿಯಾಗಿ ಸಿಕ್ಕಿತ್ತು. ಅಧಿಕಾರಿಗಳು ಮಕ್ಕಳ ಪಾಲನಾ ಗೃಹಕ್ಕೆ ಸೇರಿಸಿದ್ದರು. ವಾರಕ್ಕೊಮ್ಮೆ ಭೇಟಿ ಇತ್ತು. ಸಾಂಕ್ರಾಮಿಕ ಬಂತು, ಗೇಟಿಗೆ ಬೀಗ ಬಿತ್ತು, ಬೀಗದ ಮೇಲೊಂದು ಚೀಟಿ ಅಂಟಿತು. ಮೂರು ತಿಂಗಳ ನಂತರ ಇದು ಮೊದಲ ವಿಡಿಯೊ ಕರೆ.

ಮಗು ಒಂದು ಗಳಿಗೆ ನೋಡಿ, "ಇದ್ಯಾರು?" ಎಂದು ಆಯಾಳ ಬೆನ್ನ ಹಿಂದೆ ಅಡಗಿತು. ಎರಡು ನಿಮಿಷಕ್ಕೆ ಕರೆ ಮುಗಿಯಿತು.

"ಮರೆತೇಬಿಟ್ಟಳು," ಎಂದಳು ತಾಯಿ.

"ಇನ್ನು ಕರೆ ಗಿರೆ ಬೇಡಮ್ಮ," ಎಂದರು ಅತ್ತೆ. "ಮಗು ಬೆದರುತ್ತೆ. ರೋಗ ಹೋದಮೇಲೆ ನೋಡಿದರಾಯ್ತು."

ಪಕ್ಕದ ಮನೆಯ ನರ್ಸು, ಲಸಿಕೆ ಹಾಕಿ ಹಾಕಿ ಬೀದಿಗೆಲ್ಲ ಸೂಜಿಯಕ್ಕ ಆದವಳು, ಬಾಗಿಲಲ್ಲೇ ನಿಂತು ಕೇಳಿದಳು: "ಮಾಸ್ಕ್ ಹಾಕ್ಕೊಂಡೇ ಕೂತಿದ್ದೆಯಾ?"

"ಭೇಟಿ ಮತ್ತೆ ಶುರುವಾದಾಗ ಮಾಸ್ಕ್ ಕಡ್ಡಾಯ ಅಂತ ಗೇಟಿನ ಚೀಟೀಲಿತ್ತಲ್ಲಕ್ಕ. ಹೊಸದನ್ನೇ ಹಾಕಿದ್ದೆ, ಅಳತೆಗೆ ಹೊಲಿದದ್ದು."

"ಪುಣ್ಯಾತ್ಗಿತ್ತಿ, ಫೋನಿನೊಳಗಿಂದ ಯಾವ ರೋಗ ದಾಟುತ್ತೆ?"

ತಾಯಿ ಮಾಸ್ಕ್ ಕಳಚಿ ಮಡಿಲಲ್ಲಿಟ್ಟುಕೊಂಡಳು.

"ಅಲ್ಲಿ ಎಲ್ಲಾನೂ ಕಡತದಲ್ಲಿ ಬರೀತಾರೆ," ಎಂದಳು ಸೂಜಿಯಕ್ಕ. "ಇವತ್ತು ‘ಮಗು ತಾಯಿಯನ್ನು ಗುರುತಿಸಲಿಲ್ಲ’ ಅಂತ ಬರೆದಿರ್ತಾರೆ. ನೀನು ಸುಮ್ಮನಾದರೆ ಕೆಳಗೆ ‘ತಾಯಿ ಮತ್ತೆ ಕೇಳಲಿಲ್ಲ’ ಅಂತ ಸೇರುತ್ತೆ. ಮಗೂನ ಮನೆಗೆ ಕಳಿಸಬೇಕೋ ಬೇಡವೋ ಅಂತ ತೀರ್ಮಾನಿಸೋರು ಓದೋದು ಅದನ್ನೇ."

"ಬೀಗ ಹಾಕಿದ್ದು ಅವರು. ತಪ್ಪು ಇವಳದಾ?" ಎಂದರು ಅತ್ತೆ.

"ನಿಮ್ಮ ಮಾತು ನ್ಯಾಯವಾಗಿದೆ ದೊಡ್ಡಮ್ಮ. ಕಾಗದದ ಮೇಲೆ ಮಾತ್ರ ಇಲ್ಲ."

ಅತ್ತೆಯೇ ಎದ್ದು ಪೆನ್ನು ಹುಡುಕಿ ತಂದರು. ಮೂವರೂ ಕೂತು ಅರ್ಜಿ ಬರೆದರು: ವಾರವಾರವೂ ಕರೆ ಬೇಕು, ಅಂಗಳದಲ್ಲಿ ದೂರ ನಿಂತಾದರೂ ಮಗುವನ್ನು ನೋಡಬೇಕು, ಆಗದಿದ್ದರೆ ಕಾರಣ ಬರೆದು ಕೊಡಿ. ಅಧಿಕಾರಿಗಳ ಕಚೇರಿಗೆ ಕೊಟ್ಟು, ತಮ್ಮ ಪ್ರತಿಗೆ ಸ್ವೀಕೃತಿಯ ಸೀಲು ಹಾಕಿಸಿಕೊಂಡು ಬಂದರು.

ನಿಮ್ಮ ಮಗುವೂ ಪಾಲನಾ ಗೃಹದಲ್ಲಿದ್ದರೆ, ಗೇಟು ಮುಚ್ಚಿದೆಯೆಂದು ಮನೆಯಲ್ಲಿ ಕೂರಬೇಡಿ. ಭೇಟಿ ಬೇಕೆಂದು ಬರೆದು ಕೇಳಿ, ಪ್ರತಿ ಇಟ್ಟುಕೊಳ್ಳಿ. ಉತ್ತರ ಬಾರದಿದ್ದರೆ ಉಚಿತ ಕಾನೂನು ನೆರವು ಎಲ್ಲಿ ಸಿಗುತ್ತದೆಂದು ವಿಚಾರಿಸಿ. ಫೋನಿನಲ್ಲಿ ಮುಖ ಪೂರ್ತಿ ಕಾಣಲಿ.

ದರ್ಜಿಯಮ್ಮನಿಗೆ ವಾರಕ್ಕೊಂದು ಕರೆ ಸಿಕ್ಕಿದೆ. ಐದನೆಯದರಲ್ಲಿ ಮಗು "ಅಮ್ಮ" ಎಂದಿತು. ಅಂಗಳದ ಭೇಟಿಗೆ ಇನ್ನೂ ಒಪ್ಪಿಗೆ ಬಂದಿಲ್ಲ.