ಬಸ್ಸಣ್ಣನ ಸರದಿ

“ಬಸ್ಸಣ್ಣ, ನಿಮ್ಮ ನೆಟ್ ಕಡಿದು ಕಡಿದು ಬರ್ತಿದೆ,” ಎಂದು ಡಾಕ್ಟರು ಹೇಳಿಯೇಬಿಟ್ಟ.

ಹಿಂದಕ್ಕೆ ತೆಗೆದುಕೊಳ್ಳಲು ಬರುವ ಮಾತಲ್ಲ ಅದು. ಕೈಯೆರಡೂ ಸ್ಟೀರಿಂಗಿನ ಮೇಲಿದ್ದವು, ಕಂಪ್ಯೂಟರಿನ ಪರದೆಯಲ್ಲಿ ರೇಸಿನ ತಿರುವೊಂದು ಓಡೋಡಿ ಬರುತ್ತಿತ್ತು. ನಾಲಿಗೆಯೊಂದೇ ಕೆಲಸವಿಲ್ಲದೆ ಕೂತಿತ್ತು, ಅದು ತನ್ನ ಕೆಲಸ ತಾನು ಮಾಡಿಕೊಂಡಿತು. ಪರದೆಯ ಮೂಲೆಯಲ್ಲಿ ತಂಡದ ಮೂವರ ನೆಟ್ ಎಷ್ಟು ಚೆನ್ನಾಗಿದೆ ಎಂದು ತೋರಿಸುವ ಹಸಿರು ಗೆರೆಗಳು. ಬಸ್ಸಣ್ಣನ ಹೆಸರಿನ ಮುಂದೆ ನಾಲ್ಕಕ್ಕೆ ನಾಲ್ಕೂ ಉರಿಯುತ್ತಿದ್ದವು.

“ಹೌದಾ ಡಾಕ್ಟ್ರೇ?” ಹೆಡ್‌ಫೋನಿನಲ್ಲಿ ಬಸ್ಸಣ್ಣನ ದನಿ. “ಇಲ್ಲಿ ಚೆನ್ನಾಗೇ ತೋರಿಸ್ತಿದೆಯಲ್ಲ. ಅಳಿಯ ಬೆಳಿಗ್ಗೆ ಬಂದು ಹೊಸ ವೈರು ಬೇರೆ ಎಳೆದುಕೊಟ್ಟ.”

“ನಮ್ಮ ಕಡೆ ಕಾಣೋದೇ ಬೇರೆ. ನೀವು ಓಡಿಸುವಾಗ ಕಟ್ ಆದ್ರೆ ಗಾಡಿ ಹೋಗಿ ಗೋಡೆಗೆ ಗುದ್ದತ್ತೆ. ಎರಡು ಗಂಟೆ ಪಟ್ಟ ಪಾಡೆಲ್ಲ ಮಣ್ಣುಪಾಲು.”

“ಅಯ್ಯೋ, ಹಾಗಾಗೋದು ಬೇಡ.”

“ನಾನೇ ಮುಂದುವರಿಸ್ಲಾ?”

“ಮುಂದುವರಿಸಿ, ಮುಂದುವರಿಸಿ.”

ಮುಗಿಯಿತು. ಇಷ್ಟು ಸುಲಭವೆಂದು ಅವನಿಗೂ ಗೊತ್ತಿರಲಿಲ್ಲ.

ವರ್ಷದ ಕೊನೆಯ ಭಾನುವಾರದ ಮಧ್ಯಾಹ್ನ. ಮೋಜಿಗೆಂದು ಇಟ್ಟ ಆನ್‌ಲೈನ್ ಕಾರ್ ಓಟ. ಮೂವತ್ತು ತಂಡ, ತಂಡಕ್ಕೆ ಮೂವರು; ಎಲ್ಲರೂ ಅವರವರ ಮನೆಯಲ್ಲಿ, ಅವರವರ ಕಂಪ್ಯೂಟರಿನ ಮುಂದೆ. ಒಟ್ಟು ಮೂರು ಗಂಟೆ, ಒಬ್ಬೊಬ್ಬರಿಗೆ ಒಂದೊಂದು ಗಂಟೆ. ಗಾಡಿಗಳ ಮೈತುಂಬ ಬಲೂನು, ರಿಬ್ಬನ್ನುಗಳ ಚಿತ್ರ. ಒಂದು ತಂಡದವರು ಮೊಲದ ಕಿವಿ ಬರೆದುಕೊಂಡು ಬಂದಿದ್ದರು. ಬಹುಮಾನವೆಂದರೆ ಒಂದು ಟ್ರೋಫಿಯ ಚಿತ್ರ, ಅದೂ ಕೊನೆಯವರಿಗೂ ಸೇರಿ ಎಲ್ಲರಿಗೂ. ಇದೆಲ್ಲ ಅವನಿಗೆ ಗೊತ್ತಿಲ್ಲದ್ದೇನಲ್ಲ.

ಆದರೆ ಅವನ ತಂಡ ಮೂರನೆಯ ಸ್ಥಾನದಲ್ಲಿತ್ತು. ಅದನ್ನು ಏನು ಮಾಡೋಣ?

ಅವನು ಲ್ಯಾಬಿನ ಡಾಕ್ಟರು. ಊರಿನವರ ರಕ್ತವೆಲ್ಲ ಅವನ ಕಣ್ಣ ಕೆಳಗೆ ಹಾದುಹೋಗುತ್ತದೆ, ಊರಿನವರು ಯಾರೂ ಹಾದುಹೋಗುವುದಿಲ್ಲ. ವರದಿಯ ಕೊನೆಗೆ ಅವನ ಸಹಿಯನ್ನೂ ಈಗ ಯಂತ್ರವೇ ಹಾಕುತ್ತದೆ. ಹದಿನಾರು ವರ್ಷದಲ್ಲಿ ಒಬ್ಬ ರೋಗಿಯಾದರೂ ಬಾಗಿಲು ತಳ್ಳಿ, ನೀವೇನಾ ಅದು, ಎಂದು ಕೇಳಿದ್ದಿಲ್ಲ. ಈ ತಂಡವೂ ಅಂಥದ್ದೇ. ಎಂಟು ತಿಂಗಳಿಂದ ಪ್ರತಿ ಬುಧವಾರ ಜೊತೆಯಲ್ಲಿ ಓಡಿಸಿದ್ದಾನೆ. ಬಸ್ಸಣ್ಣನ ಕೆಮ್ಮು ಗೊತ್ತು, ಮುಖ ಗೊತ್ತಿಲ್ಲ.

ಬಸ್ಸಣ್ಣ ಎನ್ನುವುದು ತಂಡ ಇಟ್ಟ ಹೆಸರು. ಮೂವತ್ತೊಂದು ವರ್ಷ ಸಿಟಿ ಬಸ್ಸು ಓಡಿಸಿ, ಒಬ್ಬರಿಗೂ ಒಂದು ಗೀರು ತಾಗಿಸದೆ ನಿವೃತ್ತನಾದ ಮನುಷ್ಯ. ರೇಸಿಗೆ ಕೂತರೂ ಅದೇ ಚಾಳಿ. ಹಿಂದೆ ನಲವತ್ತು ಜನ ನಿಂತಿದ್ದಾರೆ, ಬೀಳಬಾರದು ಎನ್ನುವ ಹಾಗೆ ತಿರುವು ಇನ್ನೂ ದೂರವಿರುವಾಗಲೇ ಮೆತ್ತಗೆ ಬ್ರೇಕ್ ಒತ್ತುತ್ತಾನೆ. ಒಂದೊಂದು ಸುತ್ತಿಗೂ ಆರು ಸೆಕೆಂಡು ತಡ. ಡಾಕ್ಟರು ಎರಡನೆಯ ಗಂಟೆಯುದ್ದಕ್ಕೂ ಗುಣಾಕಾರ ಮಾಡುತ್ತಲೇ ಓಡಿಸಿದ್ದ: ಬಸ್ಸಣ್ಣ ಕೂತರೆ ಹನ್ನೊಂದನೆಯ ಸ್ಥಾನ.

“ನನಗೇನೋ ಬಸ್ಸಣ್ಣನ ನೆಟ್ ಸರಿಯಾಗೇ ಕಾಣ್ತಿದೆ,” ಎಂದಳು ಟೀಚರ್. ಮೊದಲ ಗಂಟೆ ಓಡಿಸಿದವಳು ಅವಳೇ.

“ಟೀಚರ್, ಈಗ ಅದನ್ನ ಚರ್ಚೆ ಮಾಡ್ತಾ ಕೂರೋಕಾಗತ್ತಾ?”

“ಸರಿ, ಓಡಿಸಿ,” ಎಂದಳು ಟೀಚರ್. ಮೂರನೆಯ ಸ್ಥಾನ ಅವಳಿಗೂ ಬೇಡವಾಗಿರಲಿಲ್ಲ.

ಅವನು ಪಿಟ್ಟಿಗೆ ಬಂದ. ಪೆಟ್ರೋಲು ತುಂಬಿಸುವುದು, ಡ್ರೈವರು ಬದಲಾಗುವುದು ಎಲ್ಲ ಅಲ್ಲೇ. ಪೆಟ್ರೋಲು ತುಂಬಿತು, ಡ್ರೈವರು ಬದಲಾಗಲಿಲ್ಲ. ಹೊರಡುವಾಗ ಬಸ್ಸಣ್ಣನ ಮನೆಯ ಸದ್ದು ಹೆಡ್‌ಫೋನಿಗೆ ನುಗ್ಗಿತು. ಕುರ್ಚಿ ಎಳೆಯುವ ಸದ್ದು, ನಗು, ಒಂದು ಪುಟ್ಟ ಹುಡುಗಿಯ ದನಿ: “ಈಗ ನಿನ್ನ ಸರದಿ ಅಲ್ವಾ ತಾತ?”

“ತಾತನ ನೆಟ್ ಇವತ್ತು ಸರಿಯಿಲ್ಲ ಪುಟ್ಟಿ. ಡಾಕ್ಟ್ರೇ ಹೇಳಿದ್ರು. ಅವರು ಭಾರಿ ಚೆನ್ನಾಗಿ ಓಡಿಸ್ತಾರೆ, ನೋಡ್ತಾ ಇರು.”

ಡಾಕ್ಟರಿಗೆ ಥೂ, ಏನು ಮಾಡಿಬಿಟ್ಟೆ ಎನಿಸಿತು. ಆದರೂ ಆ ಗಂಟೆ ಅವನು ಹಿಂದೆಂದಿಗಿಂತ ಚೆನ್ನಾಗಿ ಓಡಿಸಿದ. ಅದೇ ಅವನಿಗೆ ಹೆಚ್ಚು ನಾಚಿಕೆಯ ವಿಷಯವಾಯಿತು.

ಬಸ್ಸಣ್ಣ ಸಿಟ್ಟಾಗಿ ಎದ್ದುಹೋಗಿದ್ದರೆ ಒಳ್ಳೆಯದಿತ್ತು. ಆ ಪುಣ್ಯಾತ್ಮ ಅಲ್ಲೇ ಕೂತು ದಾರಿ ಹೇಳತೊಡಗಿದ. “ಮೊಲದ ಕಿವಿ ಹಿಂದೇನೇ ಇದೆ ಡಾಕ್ಟ್ರೇ, ಬಲಗಡೆ ಮುಚ್ಚಿ... ಹಾಂ, ಶಭಾಷ್! ಇನ್ನು ಹದಿನೆಂಟು ಸುತ್ತಿಗೆ ಪೆಟ್ರೋಲಿದೆ. ಆರಾಮ, ಆರಾಮ.” ತನ್ನದೇ ಸರದಿಯನ್ನು ಬೇರೆಯವನ ಕೈಯಲ್ಲಿ ಇಷ್ಟು ಜೋಪಾನ ಮಾಡುವವರೂ ಉಂಟೆ?

ಹೆಂಡತಿ ಬಾಗಿಲಲ್ಲಿ ಇಣುಕಿದಳು. “ಇನ್ನೂ ನೀನೇನಾ?”

“ಬಸ್ಸಣ್ಣಂಗೆ ನೆಟ್ ಪ್ರಾಬ್ಲಮ್.”

“ಅಯ್ಯೋ ಪಾಪ. ಇಡೀ ವಾರ ಅವರಿಗೆ ಅದೇ ಜಪ ಅಂತಿದ್ದೆ, ಮೊಮ್ಮಕ್ಕಳನ್ನ ಬೇರೆ ಕರೆಸಿದಾರೆ ಅಂತ.”

“ಹೂಂ.”

“ಏನೂ ಮಾಡೋಕಾಗಲ್ವಾ?”

“ಬಾಗಿಲು ಹಾಕ್ಕೊಂಡು ಹೋಗು, ಸದ್ದು ಬರತ್ತೆ.”

ಬಾಗಿಲು ಮುಚ್ಚಿತು. ಇನ್ನು ಹನ್ನೆರಡು ನಿಮಿಷ ಉಳಿದಿತ್ತು. ಹನ್ನೆರಡು ನಿಮಿಷದಲ್ಲಿ ಬಸ್ಸಣ್ಣ ಐದಾರು ಸುತ್ತು ಹೊಡೆಯಬಹುದು, ಮೊಮ್ಮಗಳು ಚಪ್ಪಾಳೆ ತಟ್ಟಬಹುದು, ಮೂರು ಹೋಗಿ ಐದೋ ಆರೋ ಆದರೂ ತಾನು ಕನ್ನಡಿಯಲ್ಲಿ ಮುಖ ನೋಡಿಕೊಳ್ಳಬಹುದು. ಲೆಕ್ಕ ಸರಿಹೋಯಿತು ಎನಿಸಿದ್ದೇ ತಡ, ಅವನು ಗಾಡಿಯನ್ನು ಪಿಟ್ಟಿಗೆ ತಿರುಗಿಸಿದ.

“ಏನ್ರೀ ಇದು, ಪೆಟ್ರೋಲಿದೆಯಲ್ಲ!” ಟೀಚರ್ ಕೂಗಿದಳು.

ಅವನು ಗಾಡಿ ನಿಲ್ಲಿಸಿ, ಇಳಿಯುವ ಗುಂಡಿ ಒತ್ತಿದ. “ಬಸ್ಸಣ್ಣ, ನಿಮ್ಮ ನೆಟ್ ಈಗ ಸರಿಹೋಗಿದೆ. ಬನ್ನಿ, ಕೂತ್ಕೊಳ್ಳಿ.”

ಸೀಟು ಖಾಲಿಯಾಗೇ ಉಳಿಯಿತು.

“ಬಸ್ಸಣ್ಣ?”

“ಬೇಡ ಡಾಕ್ಟ್ರೇ.”

“ಯಾಕೆ? ಒಂದು ಗುಂಡಿ ಒತ್ತಿದ್ರೆ ಆಯ್ತು.”

“ಗೊತ್ತು.” ಬಸ್ಸಣ್ಣ ಒಮ್ಮೆ ಕೆಮ್ಮಿದ. ಆಮೇಲೆ ದನಿ ತಗ್ಗಿಸಿದ. “ಅಳಿಯ ಪಕ್ಕದಲ್ಲೇ ಕೂತಿದಾನೆ. ಆಗ್ಲಿಂದ ವೈರು ಮುಟ್ಟಿ ಮುಟ್ಟಿ ನೋಡ್ತಿದಾನೆ, ಏನೂ ತೊಂದ್ರೆ ಇಲ್ಲವಲ್ಲ ಮಾವ ಅಂತಾನೆ. ನಾನೇ, ಇಲ್ಲಪ್ಪ, ಡಾಕ್ಟ್ರು ಸುಳ್ಳು ಹೇಳೋರಲ್ಲ ಅಂದೆ. ಈಗ ನಾನು ಕೂತು ಸಲೀಸಾಗಿ ಓಡಿಸಿಬಿಟ್ರೆ ಅವನಿಗೆ ಏನಂತ ಹೇಳ್ಲಿ?”

ಹಾಗಾದರೆ ಬಸ್ಸಣ್ಣನಿಗೆ ಗೊತ್ತಿತ್ತು. ಯಾವಾಗಿನಿಂದ? ಮೊಲದ ಕಿವಿಯ ಹೊತ್ತಿನಿಂದ? ಮೊದಲ ಮಾತಿನಿಂದ?

“ಬಸ್ಸಣ್ಣ, ನಾನು...”

“ನೀವೇ ಹತ್ತಿ ಡಾಕ್ಟ್ರೇ. ಮೂರನೇ ಸ್ಥಾನ ಹೋಗತ್ತೆ.”

ಹತ್ತಬಹುದಿತ್ತು. ಬೆರಳು ಗುಂಡಿಯ ಮೇಲೇ ಇತ್ತು. ಹತ್ತಿದರೆ ಆ ಸುಳ್ಳನ್ನು ಎರಡನೆಯ ಸಲ, ಈ ಬಾರಿ ಬಸ್ಸಣ್ಣನ ಕೈಯಿಂದಲೇ ಇಸಿದುಕೊಂಡ ಹಾಗೆ. ತಪ್ಪಾಯಿತು ಎನ್ನಬಹುದಿತ್ತು. ಅಳಿಯ ಕೇಳಿಸಿಕೊಳ್ಳುತ್ತಾನೆ, ಟೀಚರ್ ಕೇಳಿಸಿಕೊಳ್ಳುತ್ತಾಳೆ. ಒಂದೇ ಪದ, ಅದನ್ನೂ ಅವನು ಹೇಳಲಿಲ್ಲ.

“ಯಾರಾದ್ರೂ ಹತ್ತಿ ಮಾರಾಯ್ರೇ! ಏಳನೇದಕ್ಕೆ ಇಳಿದ್ವಿ!” ಟೀಚರ್ ಅಳುವುದೊಂದು ಬಾಕಿ.

“ನೀವು ಹತ್ತಿ,” ಎಂದ ಬಸ್ಸಣ್ಣ.

“ಇಲ್ಲ, ನೀವು,” ಎಂದ ಅವನು.

ಪರದೆಯಲ್ಲಿ ಗಾಡಿ ನಿಂತಿತ್ತು. ಮೈತುಂಬ ಬಲೂನು, ಇಂಜಿನ್ನು ಚಾಲೂ, ಸ್ಟೀರಿಂಗಿನ ಹಿಂದೆ ಖಾಲಿ ಸೀಟು. ಆಚೆಯ ದಾರಿಯಲ್ಲಿ ಮೊಲದ ಕಿವಿ ಮತ್ತೊಮ್ಮೆ ಹಾದುಹೋಯಿತು.

“ತಾತ,” ಎಂದಳು ಹುಡುಗಿ, “ನಮ್ಮ ಗಾಡೀಲಿ ಯಾರೂ ಇಲ್ಲ.”

ಪಿಟ್ಟಿನಿಂದ ಹೊರಡಬಹುದು ಎನ್ನುವ ಹಸಿರು ದೀಪದ ಬೆಳಕು ಆ ಖಾಲಿ ಸೀಟಿನ ಮೇಲೆ ಬೀಳುತ್ತಲೇ ಇತ್ತು.