ಒಂದೇ ಟೆಂಟು

"ಉಸಿರು ಒಳಗೆಳ್ಕೋ ರೋಸ್," ಎನ್ನುತ್ತ ಟ್ರೆವರ್ ಅವಳ ಬೆನ್ನಚೀಲದ ಪಟ್ಟಿಯನ್ನು ಸೊಂಟಕ್ಕೆ ಬಿಗಿದ.

ಕಾರಿಗೆ ಒರಗಿ ನಿಂತಿದ್ದ ಕ್ಲೈವ್ ನೋಡಿಯೂ ನೋಡದವನಂತೆ ಟೀ ಹೀರಿದ. ಇಷ್ಟು ವರ್ಷ ಹೆಂಡತಿಯ ಆ ಪಟ್ಟಿ ಬಿಗಿದವನು ಅವನೇ. ಆಸ್ಟ್ರೇಲಿಯಾದ ನಡುಬೇಸಿಗೆಯ ಜನವರಿಯಲ್ಲಿ ತಮ್ಮೂರು ಮಿಲ್ಡುರಾದ ತಗಡಿನ ಮಾಡುಗಳು ಕಾದು ಚಟಚಟ ಎನ್ನತೊಡಗಿದರೆ ಗಂಡಹೆಂಡಿರು ಕಾರು ಹತ್ತುತ್ತಿದ್ದರು. ಹೊಳೆದಂಡೆಯಲ್ಲೊಂದು ರಾತ್ರಿ ಮಲಗಿ, ಬೆಟ್ಟದ ಬುಡದಲ್ಲಿ ಕಾರು ಬಿಟ್ಟು, ಚೀಲ ಹೊತ್ತು ತಂಪಿನ ಕಡೆಗೆ ನಡೆಯುತ್ತಿದ್ದರು. ಈ ಸಲ ಕ್ಲೈವ್‌ನ ಮಂಡಿ ಕೈಕೊಟ್ಟು, ಅವನು ಕಾರಿನ ಬಳಿಯೇ ಉಳಿಯಬೇಕಾಗಿತ್ತು. ಪಕ್ಕದ ಮನೆಯ ಟ್ರೆವರ್ ತನ್ನ ಹೆಂಡತಿ ತೀರಿಕೊಂಡ ಮೇಲೆ ಮನೆಯೊಳಗೇ ಕೂತಿದ್ದ. "ಪಾಪ, ಅವನೂ ಬರಲಿ" ಎಂದು ಅವನನ್ನು ಕರೆದದ್ದೂ ಕ್ಲೈವನೇ.

"ಟೆಂಟ್ ಎರಡು ಬೇಕೇನೋ," ಎಂದಿದ್ದ ನಿನ್ನೆ, ಆದಷ್ಟು ಹಗುರವಾಗಿ.

ರೋಸ್ ನಕ್ಕಿದ್ದಳು. "ಎರಡು ಟೆಂಟ್ ಹೊರೋನು ಕತ್ತೆ ಅಂತ ಊರಿಗೆಲ್ಲ ಹೇಳ್ಕೊಂಡು ಬಂದೋನು ನೀನೇ ಅಲ್ವಾ?"

ಬೆಟ್ಟ ಹತ್ತುವವರ ಪದ್ಧತಿಯೇ ಅದು. ಜೊತೆಗೆ ಯಾರೇ ಇರಲಿ, ಟೆಂಟ್ ಒಂದೇ. ಬಟ್ಟೆ ಒಬ್ಬರ ಬೆನ್ನಿಗೆ, ಕಂಬಿಗಳು ಇನ್ನೊಬ್ಬರ ಬೆನ್ನಿಗೆ.

"ಹೆದರ್ಬೇಡ ಕಣಯ್ಯ, ನಾನು ಗೊರಕೆ ಹೊಡೆಯಲ್ಲ," ಎಂದ ಟ್ರೆವರ್.

"ಅವಳು ಹೊಡೀತಾಳೆ," ಎಂದ ಕ್ಲೈವ್. ಮೂವರೂ ನಕ್ಕರು.

ರೋಸ್ ತೊರೆಯಲ್ಲಿ ನೀರು ತುಂಬಿಸಿಕೊಳ್ಳಲು ಹೋದಳು, ಟ್ರೆವರ್ ಮರಗಳ ಮರೆಗೆ. ಅಷ್ಟರಲ್ಲಿ ಕ್ಲೈವ್ ಟ್ರೆವರ್‌ನ ಚೀಲದಿಂದ ಕಂಬಿಗಳ ಕಟ್ಟನ್ನು ಎಳೆದು ಕಾರಿನ ಸೀಟಿನಡಿಗೆ ತಳ್ಳಿದ. ಟೆಂಟ್ ನಿಲ್ಲದಿದ್ದರೆ ಕತ್ತಲಾಗುವ ಮೊದಲು ವಾಪಸು ಬರುತ್ತಾರೆ. ಅವನು ಯೋಚಿಸಿದ್ದು ಅಷ್ಟೇ.

ಅವರಿಬ್ಬರೂ ಬೆಟ್ಟ ಹತ್ತಿ ಹೋದರು. ಮಧ್ಯಾಹ್ನ ಗಾಳಿ ತಿರುಗಿತು. ಪಶ್ಚಿಮದ ಕಪ್ಪು ಮೋಡ ಬೆಟ್ಟದ ನೆತ್ತಿಯನ್ನು ನುಂಗಿತು. ಮೇಲೆಲ್ಲ ಮರವಿಲ್ಲದ ಬಯಲು, ಬೇಸಿಗೆಯಲ್ಲೂ ಆಲಿಕಲ್ಲು ಬೀಳುವ ಜಾಗ. ಕ್ಲೈವ್‌ಗೆ ಕುಳಿತಲ್ಲಿ ಕೂರಲಾಗಲಿಲ್ಲ. ಕಟ್ಟನ್ನು ಕಂಕುಳಿಗೆ ಸಿಕ್ಕಿಸಿ, ಕೋಲೂರಿ, ಹಲ್ಲು ಕಚ್ಚಿ ಹತ್ತತೊಡಗಿದ.

ದಾರಿ ಕಡಿದಾಗುವಲ್ಲಿ ರೋಸ್ ಎದುರಾದಳು. ಒಬ್ಬಳೇ, ಬೆನ್ನ ಮೇಲೆ ಚೀಲವಿಲ್ಲ. ಅವನ ಕಂಕುಳು ನೋಡಿದಳು, ಆಮೇಲೆ ಮುಖ.

"ಕಾರಿನ ಹತ್ರ ಬಿದ್ದಿತ್ತು," ಎಂದ.

"ಕ್ಲೈವ್."

ಅವನು ಕೋಲಿನ ತುದಿ ನೋಡುತ್ತ ನಿಂತ. "ಅವನೆಲ್ಲಿ?"

"ಒರತೆ ಹತ್ರ, ಎರಡೂ ಚೀಲ ಕಾಯ್ಕೊಂಡು ಕೂತಿದಾನೆ. ಕಂಬಿ ಕಳೆದುಹಾಕ್ಬಿಟ್ಟೆ ಅಂತ ಅಳೋದೊಂದು ಬಾಕಿ ಇತ್ತು. ನಾನೇ ತೆಗೆದು ಕಾರಲ್ಲಿ ಮರೆತೆ ಅಂದಿದೀನಿ." ಕೈ ಚಾಚಿದಳು. "ಕೊಡು."

ಕೊಟ್ಟ. "ಮಳೆ ಬರೋ ಹಾಗಿದೆ ರೋಸ್. ಇಬ್ರೂ ಕೆಳಗೆ ಬಂದ್ಬಿಡಿ."

"ಒರತೆ ಹತ್ರ ಮರ ಇವೆ. ಅಲ್ಲೇ ಟೆಂಟ್ ಹಾಕ್ತೀವಿ, ಅಲ್ಲೇ ಮಲಗ್ತೀವಿ." ಎರಡು ಹೆಜ್ಜೆ ಹೋಗಿ ನಿಂತಳು, ತಿರುಗಲಿಲ್ಲ. "ಅಡ್ಡಡ್ಡ ಹೆಜ್ಜೆ ಇಟ್ಟು ಇಳಿ. ಮಂಡಿಗೆ ಭಾರ ಬೀಳಲ್ಲ."

ಎಲೆಗಳ ಮೇಲೆ ಮೊದಲ ಹನಿಗಳು ಸದ್ದು ಮಾಡಿದವು. ಎಲ್ಲೋ ಮೇಲಿನಿಂದ ಟ್ರೆವರ್ ಅವಳ ಹೆಸರು ಕೂಗಿದ, ಅವಳು ಏನೋ ಕೂಗಿ ಹೇಳಿದಳು. ಮಾತು ಕೇಳಿಸಲಿಲ್ಲ. ಕ್ಲೈವ್ ಕೆಳಮುಖವಾಗಿ ತಿರುಗಿ, ಒದ್ದೆಯಾಗುತ್ತಿದ್ದ ಕಲ್ಲಿನ ಮೇಲೆ ಕಾಲನ್ನು ಅಡ್ಡ ಇಟ್ಟ.